ಎರಡು ತೆಕ್ಕೆಯ ಮರ, ಏಳು ಕಾಲಿನ ಕೋಣೆ

ಹಟ್ಟಿಕೇರಿಯಲ್ಲಿ ಮರವನ್ನು ಅಳೆಯುವ ವಿಧಾನ ಒಂದೇ: ತಬ್ಬಿಕೊಳ್ಳುವುದು. ಒಬ್ಬನ ಎರಡು ಕೈ ಮರದ ಆಚೆ ಬದಿಯಲ್ಲಿ ಒಂದಕ್ಕೊಂದು ತಾಗಿದರೆ ಅದು ಒಂದು ತೆಕ್ಕೆಯ ಮರ. ಇಬ್ಬರು ಬೇಕಾದರೆ ಎರಡು ತೆಕ್ಕೆ. ಮೂರು ತೆಕ್ಕೆಯ ಮರವೆಂದರೆ ಅದರ ಬುಡದಲ್ಲಿ ದೇವರ ಕಲ್ಲು ಇರಲೇಬೇಕು. ಇಲ್ಲದಿದ್ದರೆ ಯಾರಾದರೂ ತಂದಿಡುತ್ತಾರೆ. ಈ ಪದ್ಧತಿಗೆ ಟೇಪು ಬೇಡ, ಪೆನ್ಸಿಲು ಬೇಡ. ಅಳೆದವನ ಅಂಗಿಯೊಳಗೆ ಒಂದಷ್ಟು ಕೆಂಪಿರುವೆ ಸೇರಿಕೊಳ್ಳುವುದನ್ನು ಬಿಟ್ಟರೆ ಬೇರೆ ತೊಂದರೆಯೂ ಇಲ್ಲ. ಸರಕಾರವೂ ಇದನ್ನೇ ಒಪ್ಪಿಕೊಂಡಿದ್ದರೆ ಮಾದೇವ ಗೌಡನ ಮಗಳ ಬಾಣಂತನ ಇಷ್ಟು ರಾದ್ಧಾಂತಕ್ಕೆ ಸಿಕ್ಕುತ್ತಿರಲಿಲ್ಲ.

ಮಾದೇವ ಗೌಡ ಪಂಚಾಯತಿಯ ವಾಟರ್‌ಮನ್. ಬೆಳಿಗ್ಗೆ ಆರಕ್ಕೆ ಒಂದು ವಾಲ್ವು ತಿರುಗಿಸುತ್ತಾನೆ, ಎಂಟಕ್ಕೆ ಅದನ್ನೇ ಉಲ್ಟಾ ತಿರುಗಿಸುತ್ತಾನೆ. ನಡುವಿನ ಎರಡು ತಾಸು ಊರು ಅವನಿಗೆ ಮರ್ಯಾದೆ ಕೊಡುತ್ತದೆ. ಉಳಿದ ಇಪ್ಪತ್ತೆರಡು ತಾಸಿಗೆ ಏನಾದರೂ ವ್ಯವಸ್ಥೆ ಆಗಬೇಕೆಂಬುದು ಅವನ ಬಹುದಿನದ ಆಸೆ.

ಅವನ ಮನೆಯ ಬಡಗು ಮಗ್ಗುಲಿಗೆ ಒಂದು ಇಶಾಡ ಮಾವಿನ ಮರ. ಅಂಕೋಲೆಯವರಿಗೆ ಇಶಾಡದ ಬಗ್ಗೆ ಹೇಳಬೇಕಾಗಿಲ್ಲ. ಬೇರೆಯವರಿಗೆ ಹೇಳಿ ಪ್ರಯೋಜನವಿಲ್ಲ, ಅವರು ತಮ್ಮೂರಿನ ಹಣ್ಣಿನ ಹೆಸರು ತೆಗೆಯುತ್ತಾರೆ. ಮರ ಎರಡು ತೆಕ್ಕೆ, ಮೇಲೊಂದು ಗೇಣು.

ಎಲ್ಲ ಶುರುವಾದದ್ದು ಪಕ್ಕದ ಮನೆಯ ತುಳಸಿದಾಸನ ಗೇಟಿನಿಂದ. ಗೋವೆಯಲ್ಲಿ ಮೂವತ್ತು ವರ್ಷ ಕಿರಾಣಿ ಅಂಗಡಿ ನಡೆಸಿ ಊರಿಗೆ ಮರಳಿದ ತುಳಸಿದಾಸ ಹೊಸ ಮನೆ ಕಟ್ಟಿಸಿ, ಗೇಟಿನ ಕಂಬಕ್ಕೆ ಕಪ್ಪು ಗ್ರಾನೈಟಿನಲ್ಲಿ ತನ್ನ ಹೆಸರನ್ನು ಕನ್ನಡ, ಇಂಗ್ಲಿಷು, ನಾಗರಿ ಮೂರರಲ್ಲೂ ಕೆತ್ತಿಸಿದ. ಪೋಸ್ಟಿನವನಿಗೆ ಅವನ ಮನೆ ಮೊದಲೂ ಗೊತ್ತಿತ್ತು. ಈಗ ಮೂರು ಭಾಷೆಯಲ್ಲಿ ಗೊತ್ತಾಯಿತು. ಮಾದೇವನ ಹೆಸರು ಅಲ್ಲಿಯವರೆಗೆ ಬರೆಹದಲ್ಲಿ ಇದ್ದದ್ದು ರೇಶನ್ ಕಾರ್ಡಿನಲ್ಲಿ ಮಾತ್ರ, ಅದೂ ತಪ್ಪಾಗಿ. ಅದೇ ಸುಮಾರಿಗೆ ಪಂಚಾಯತಿಯ ಗೋಡೆಗೆ ಒಂದು ನೋಟೀಸು ಬಿತ್ತು. ಜಿಲ್ಲೆಯ ಹಿರಿಯ ಮರಗಳ ಪಟ್ಟಿ ಮಾಡುತ್ತಾರಂತೆ. ನೂರು ವರ್ಷ ದಾಟಿದ ಮರವಾದರೆ ಹಿತ್ತಾಳೆಯ ಫಲಕ ಕೊಡುತ್ತಾರಂತೆ. ಫಲಕದ ಮೇಲೆ ಮರದ ಹೆಸರು, ಅದರ ಕೆಳಗೆ ಮಾಲಿಕನ ಹೆಸರು. ಮಾದೇವ ಮರುದಿನವೇ ಎಂಟು ಗಂಟೆಗೆ ವಾಲ್ವು ಮುಚ್ಚಿ ಕಾರವಾರದ ಬಸ್ಸು ಹತ್ತಿದ.

ಆಫೀಸಿನ ಹೊರಗಿನ ಬೆಂಚಿನ ಮೇಲೆ ಕುಳಿತು ಅವನು ಫಾರ್ಮು ತುಂಬಿದ. ವಯಸ್ಸಿನ ಕಾಲಮ್ಮಿಗೆ ಬಂದಾಗ ಪಕ್ಕದಲ್ಲಿದ್ದವನ ಕಾಗದಕ್ಕೆ ಇಣುಕಿ ನೋಡಿದ. ಆತ ತನ್ನ ಆಲದ ಮರಕ್ಕೆ ಇನ್ನೂರೈವತ್ತು ಎಂದು ಬರೆದಿದ್ದ. ಮಾದೇವ ಮುನ್ನೂರು ಎಂದು ಬರೆದ. ಮುಂದಿನ ಕಾಲಮ್ಮು: ಎದೆಮಟ್ಟದಲ್ಲಿ ಕಾಂಡದ ವ್ಯಾಸ. ವ್ಯಾಸವೆಂದರೆ ಏನೆಂದು ಮಾದೇವನಿಗೆ ಗೊತ್ತಿಲ್ಲದೆ ಇಲ್ಲ. ಏಳನೆಯ ಇಯತ್ತೆಯಲ್ಲಿ ಅದರ ಸಲುವಾಗಿ ಅವನು ಪೆಟ್ಟು ತಿಂದಿದ್ದಾನೆ. ಈ ಬದಿಯಿಂದ ಆ ಬದಿಗೆ ನಡುವೆ ಹಾದು ಹೋಗುವ ಗೆರೆ. ಆದರೆ ನಿಂತ ಮರದ ನಡುವೆ ಗೆರೆ ಹಾದು ಹೋಗುವುದು ಹೇಗೆ? ಕಡಿಯಬೇಕು. ಫಾರ್ಮು ಇರುವುದು ಮರ ಉಳಿಸಲಿಕ್ಕೆ. ಹಾಗಾದರೆ ಸರಕಾರ ಕೇಳಿದ್ದು ಇದಾಗಿರಲಾರದು, ಟೈಪು ಮಾಡುವವನು ಏನೋ ತಪ್ಪು ಮಾಡಿದ್ದಾನೆ. ಹೀಗೆ ಸರಕಾರದ ಮಾನ ಕಾಯುವ ಉದ್ದೇಶದಿಂದ ಅವನು ಮನೆಯಲ್ಲಿ ಹಗ್ಗ ಸುತ್ತಿ ನೋಡಿಕೊಂಡು ಬಂದಿದ್ದ ಸುತ್ತಳತೆಯನ್ನು ಆ ಕಾಲಮ್ಮಿನಲ್ಲಿ ಬರೆದ: ಮೂರು ಮೀಟರ್ ಎಂಬತ್ತು.

ಒಳಗಿದ್ದ ಗುಮಾಸ್ತರ ಕೆಲಸ ಕಾಲಮ್ಮು ತುಂಬಿದೆಯೇ ಎಂದು ನೋಡುವುದಾಗಿತ್ತು. ತುಂಬಿತ್ತು.

ಆರು ತಿಂಗಳಿಗೆ ಫಲಕ ಬಂತು. ಜೊತೆಗೆ ಒಂದು ಪ್ರಮಾಣಪತ್ರ. ಫಲಕವನ್ನು ಮಾದೇವ ಎರಡು ದೊಡ್ಡ ಮೊಳೆ ಹೊಡೆದು ಮರಕ್ಕೆ ಹಾಕಿದ. ಪ್ರಮಾಣಪತ್ರಕ್ಕೆ ಗಾಜಿನ ಕಟ್ಟು ಹಾಕಿಸಿ ಜಗಲಿಯ ಗೋಡೆಗೆ ತೂಗಿದ. ಶರತ್ತುಗಳೆಲ್ಲ ಪ್ರಮಾಣಪತ್ರದ ಹಿಂಬದಿಯಲ್ಲಿ ಅಚ್ಚಾಗಿದ್ದವು. ಅವನ್ನು ಗೋಡೆಯೊಂದೇ ಓದಿತು.

ಎರಡು ವರ್ಷ ಸುಖವಾಗಿ ಕಳೆಯಿತು. ಮಾದೇವ ಪ್ರತಿ ಹದಿನೈದು ದಿನಕ್ಕೊಮ್ಮೆ ಹುಣಿಸೆಹಣ್ಣು ಹಚ್ಚಿ ಫಲಕ ತಿಕ್ಕುತ್ತಿದ್ದ. ಆಮೇಲೆ ಕಿನ್ನರವೆಂಬ ಊರಿಗೆ ಮದುವೆ ಮಾಡಿಕೊಟ್ಟ ಮಗಳು ಜಯಶ್ರೀ ಬಸುರಾದಳು. ಮೊದಲ ಬಾಣಂತನ ತವರಿನಲ್ಲೇ ಆಗಬೇಕು. ಅದಕ್ಕೆ ಎರಡು ಮಾತಿಲ್ಲ. ಆದರೆ ಮಾದೇವನ ಮನೆಯಲ್ಲಿ ಇರುವುದು ಎರಡು ಕೋಣೆ, ಸಂಡಾಸು ಅಂಗಳದ ಆ ತುದಿಗೆ, ಹೆರಿಗೆ ಆಗುವುದು ಜೂನ್ ಕೊನೆಯ ಮಳೆಯಲ್ಲಿ. ಮಗಳ ಅತ್ತೆ ಯಶೋದಾ ಫೋನು ಮಾಡಿ ಬಹಳ ನಯವಾಗಿ, ನಿಮಗೆ ತ್ರಾಸಾಗುವುದು ಬೇಡ, ಅನುಕೂಲ ಇಲ್ಲದಿದ್ದರೆ ಇಲ್ಲೇ ಇರಲಿ, ಮೇ ತಿಂಗಳಲ್ಲಿ ನಾನೇ ಒಮ್ಮೆ ಬಂದು ನೋಡಿ ಹೋಗುತ್ತೇನೆ ಎಂದರು. ಬೀಗಿತ್ತಿಯರು ಬೈದರೆ ತಡೆದುಕೊಳ್ಳಬಹುದು. ನಯವಾಗಿ ಮಾತಾಡಿದರೆ ಹೆಣ್ಣು ಹೆತ್ತವರಿಗೆ ಅನ್ನ ಇಳಿಯುವುದಿಲ್ಲ. ಮಾದೇವನ ಹೆಂಡತಿ ನಾಗಿ ಫೋನು ಕೆಳಗಿಟ್ಟು ಗಂಡನ ಎದುರು ಬಂದು ನಿಂತಳು.

"ಮರಕ್ಕೆ ಹಿತ್ತಾಳೆ ಬೋರ್ಡು ಅದೆ. ನನ್ನ ಮಗಳಿಗೆ ಒಂದು ಕೋಣೆ ಇಲ್ಲ. ರೋಹಿಣಿ ಮಳೆ ಬೀಳೂದರ ಒಳಗೆ ಕೋಣೆ ಆಗಬೇಕು, ಅದರೊಳಗೇ ಸಂಡಾಸ ಆಗಬೇಕು. ಆಗಿಲ್ಲ ಅಂದ್ರೆ ನಾನೂ ಕಿನ್ನರಕ್ಕೇ ಹೋಗ್ತೆ ಬಾಣಂತನ ಮಾಡೂಕೆ. ನೀವು ಬೋರ್ಡು ತಿಕ್ಕಿಕೊಂಡು ಕುಂತ್ಕಣಿ."

ಖಾಲಿ ಜಾಗ ಇದ್ದದ್ದು ಬಡಗು ಬದಿಗೆ ಮಾತ್ರ, ಮಾವಿನ ಬುಡದಿಂದ ಒಂದು ಹದಿನೇಳು ಫೂಟು ಆಚೆ. ಮಾರ್ಚ್ ಮೊದಲ ವಾರ ಪ್ರಕಾಶ ಮೇಸ್ತ್ರಿ ಬಂದು ಹಗ್ಗ ಕಟ್ಟಿ, ತೆಂಗಿನಕಾಯಿ ಒಡೆದು, ಮೂರು ಫೂಟು ಆಳದ ಅಡಿಪಾಯಕ್ಕೆ ಗುದ್ದಲಿ ಹಾಕಿದ. ಎರಡನೆಯ ಏಟಿಗೆ ತೊಡೆಯಷ್ಟು ದಪ್ಪದ ಬೇರು ಕಂಡಿತು. ಕೊಡಲಿ ತರಲು ಅವನು ತಿರುಗಿದಾಗ ಹಿಂದೆ ಅರಣ್ಯ ಇಲಾಖೆಯ ಗಾರ್ಡ್ ಮಧುಕೇಶ್ವರ ನಿಂತಿದ್ದರು. ವರ್ಷಕ್ಕೊಮ್ಮೆ ಫಲಕದ ಮರಗಳನ್ನು ನೋಡಿ ಹೋಗುವುದು ಅವರ ಕೆಲಸ, ಆ ವರ್ಷದ ದಿನ ಅದೇ ಆಗಿತ್ತು.

ಅವರು ಬೈಯಲಿಲ್ಲ. ಜಗಲಿಗೆ ಹೋಗಿ ಗಾಜಿನ ಕಟ್ಟನ್ನು ಗೋಡೆಯಿಂದ ಇಳಿಸಿ, ತಿರುಗಿಸಿ, ಹಿಂಬದಿಯ ರಟ್ಟು ಬಿಚ್ಚಿ ಓದಲು ಕೊಟ್ಟರು. ಕಾಂಡದ ವ್ಯಾಸದ ಹನ್ನೆರಡು ಪಟ್ಟು ದೂರದವರೆಗೆ, ಮರದ ಸುತ್ತ, ಅನುಮತಿಯಿಲ್ಲದೆ ಒಂದು ಗೇಣಿಗಿಂತ ಆಳ ಅಗೆಯುವಂತಿಲ್ಲ. ಆ ದೂರದ ಮೂರನೇ ಒಂದು ಪಾಲಿನೊಳಗೆ ಯಾವ ಬಗೆಯ ಅಡಿಪಾಯವೂ ಇಲ್ಲ. ಅದರಾಚೆ, ಬೇರು ಕಡಿಯದಂತೆ ಎಂಜಿನಿಯರು ಲೆಕ್ಕ ಮಾಡಿಕೊಟ್ಟರೆ ನೋಡಬಹುದು.

ಗಾರ್ಡ್ ಫೈಲು ತೆಗೆದು ಗುಣಾಕಾರ ಮಾಡಿದರು. ಮೂರು ಎಂಬತ್ತು ಗುಣಿಸು ಹನ್ನೆರಡು: ನಲವತ್ತೈದು ಮೀಟರ್ ಅರವತ್ತು. ತಾಳೆ ನೋಡಲು ಇನ್ನೊಮ್ಮೆ ಮಾಡಿದರು. ಅಷ್ಟೇ ಬಂತು. ಕಣ್ಣ ಮುಂದಿನ ಮರವನ್ನೂ ಫೈಲಿನ ಮರವನ್ನೂ ಅವರು ಒಂದೆರಡು ಸಲ ನೋಡಿದ್ದುಂಟು. ಆದರೆ ಫೈಲಿನ ಮರಕ್ಕೆ ಸಾಹೇಬರ ಸಹಿ ಇತ್ತು, ಕಣ್ಣ ಮುಂದಿನದಕ್ಕೆ ಇರಲಿಲ್ಲ.

ಅಷ್ಟುದ್ದದ ಹಗ್ಗ ಅವರ ಬಳಿ ಇರಲಿಲ್ಲ. ಮಾದೇವನೇ ಬಾವಿಯ ಹಗ್ಗಕ್ಕೆ ಕೇರಿಯ ಗಂಗಿಯ ಮನೆಯ ಬಟ್ಟೆ ಹಗ್ಗ ಗಂಟು ಹಾಕಿ ಕೊಟ್ಟ. ತನ್ನ ಮರ ಇಷ್ಟು ದೂರದವರೆಗೆ ಮರ್ಯಾದೆ ಪಡೆದಿದೆ ಎಂಬುದು ಅವನಿಗೂ ಆವತ್ತೇ ಗೊತ್ತಾದದ್ದು. ಒಂದು ತುದಿ ಮರಕ್ಕೆ ಕಟ್ಟಿ, ಇನ್ನೊಂದು ತುದಿ ಹಿಡಿದು ಗಾರ್ಡ್ ಸುಣ್ಣದ ಪುಡಿ ಉದುರಿಸುತ್ತ ಹೊರಟರು. ಗೆರೆ ತುಳಸಿದಾಸನ ಮನೆಯನ್ನು ಗೇಟು, ಗ್ರಾನೈಟು, ಅರ್ಧ ತೋಡಿಟ್ಟ ಸಂಡಾಸಿನ ಗುಂಡಿ ಸಮೇತ ಒಳಗೆ ಹಾಕಿಕೊಂಡಿತು. ಹಿಂದಿನ ಮನೆಯ ಪುಟ್ಟುವಿನ ಕೊಟ್ಟಿಗೆ ಒಳಗೆ ಬಂತು. ಅಂಗನವಾಡಿಯ ಜೋಕಾಲಿ, ಬಸ್ಸು ನಿಲ್ಲುವ ಜಾಗ, ಒಟ್ಟು ಏಳು ಮನೆ, ಕೊನೆಗೆ ಮಾದೇವನ ವಾಲ್ವು. ಗಂಗಿಯ ಅಡುಗೆಮನೆಯನ್ನು ಮಾತ್ರ ಗೆರೆ ಸರಿಯಾಗಿ ನಡುವೆ ಸೀಳಿತು.

"ಒಲೆ ಒಳಗೆ, ಒರಳು ಹೊರಗೆ," ಎಂದಳು ಗಂಗಿ. "ನಾ ಕುಂತ್ಕಣೂದು ಎಲ್ಲಿ ಹೇಳಿ ಬರ್ದು ಕೊಡಿ, ಸಾಯೇಬ್ರೆ."

ಮರುದಿನ ಬೆಳಿಗ್ಗೆ ಏಳು ಮನೆಯವರೂ ನಲ್ಲಿಯ ಬಳಿ ಸೇರಿದರು. ನೀರಿನ ಹೊತ್ತಾದ್ದರಿಂದ ಯಾರೂ ಜೋರು ಮಾಡಲಿಲ್ಲ. ಎಂಟು ಹೊಡೆದ ಮೇಲೆ ಮಾಡಿದರು. ಪುಟ್ಟುವಿಗೆ ಕೊಟ್ಟಿಗೆಯ ಗೂಟ ಕಿತ್ತು ಹಾಕಲು ಅಡ್ಡಿಯುಂಟೇ ಎಂದು ತಿಳಿಯಬೇಕಿತ್ತು. ಅಂಗನವಾಡಿಯ ಟೀಚರು ಹರಿವೆ ಬೀಜ ಎಷ್ಟು ಆಳಕ್ಕೆ ಹಾಕಬೇಕೆಂದು ಕೇಳಿದರು. ತುಳಸಿದಾಸ ಮೂರು ಭಾಷೆಯಲ್ಲೂ ಬೈದು, ಕೊನೆಗೆ ಮಾದೇವನಿಗೆ ತಿಳಿಯುವ ಭಾಷೆಗೆ ಬಂದ.

"ಅರೇ ಮಾದೇವ, ಮೂವತ್ತು ವರ್ಷ ಗೋವೆಯಲ್ಲಿ ಬೇರೆಯವರ ಸಂಡಾಸಿಗೆ ಹೋದೆ ಮಾರಾಯ. ಒಂದು ಸ್ವಂತದ್ದು ಮಾಡ್ಕೊಳ್ವಾ ಹೇಳಿ ಊರಿಗೆ ಬಂದ್ರೆ ಅಲ್ಲಿ ನಿನ್ನ ಮರ ಮೊದ್ಲೇ ಬಂದು ಕುಂತದೆ."

ಮಾದೇವನಿಗೆ ಈಗ ಬೇಕಾದದ್ದು ಎಂಜಿನಿಯರು. ಅಂಕೋಲೆಯ ಒಬ್ಬರು, ಮಳೆಗಾಲದಲ್ಲಿ ಮರ ತಾನಾಗಿ ಬಿದ್ದರೆ ಬನ್ನಿ ಎಂದು ಕಣ್ಣು ಮಿಟುಕಿಸಿದರು. ಇನ್ನೊಬ್ಬರು ಮರದ ಹೆಸರು ಕೇಳಿದ್ದೇ ಫೋನು ಇಟ್ಟರು. ಮೂರನೆಯವರು ಕಾರವಾರದ ವೈಶಾಲಿ ಹೆಗಡೆ. ವಯಸ್ಸು ಇಪ್ಪತ್ತೆಂಟು. ಬೇರಿನ ಸುದ್ದಿ ಎತ್ತಿದ್ದೇ ಅವರಿಗೆ ಉತ್ಸಾಹ ಬಂದುಬಿಟ್ಟಿತು. ಬರುವ ಭಾನುವಾರ ಬರುತ್ತೇನೆ, ಅಷ್ಟರೊಳಗೆ ಬೇರು ಎಲ್ಲೆಲ್ಲಿ ಹೋಗಿದೆ ಎಂದು ನೋಡಿಡಿ, ಗುದ್ದಲಿ ಮುಟ್ಟಬೇಡಿ, ಪೈಪಿನಲ್ಲಿ ನೀರು ಬಿಟ್ಟು ಮಣ್ಣು ಸರಿಸಿ, ಕಂಡ ಬೇರಿಗೆಲ್ಲ ಬಣ್ಣದ ಬಟ್ಟೆ ಕಟ್ಟಿ ಎಂದರು. ಅಡಿಪಾಯವನ್ನು ಬೇರಿನ ಮೇಲೆ ಹಾಕುವುದಲ್ಲ, ಬೇರಿನ ನಡುವೆ ಹಾಕುವುದು ಎಂದೂ ಹೇಳಿದರು.

ನೀರು ಬಿಡುವುದರಲ್ಲಿ ಮಾದೇವನಿಗೆ ಇಪ್ಪತ್ತು ವರ್ಷದ ಅನುಭವ. ನಾಗಿಯ ಹಳೆಯ ಕೆಂಪು ಸೀರೆಯನ್ನು ಹರಿದು ಚೂರು ಮಾಡಿಕೊಂಡು, ಪೈಪು ಹಿಡಿದು ಬುಡದಿಂದ ಶುರು ಮಾಡಿದ. ಮೊದಲ ದಿನ ನಾಲ್ಕು ಬೇರು ಕಂಡವು. ಊರಿನವರು ದಾರಿಯಲ್ಲಿ ನಿಂತು ನೋಡಿದರು. ಎರಡನೆಯ ದಿನ ಅಂಗಳದೊಳಗೆ ಬಂದು ನೋಡಿದರು. ಮೂರನೆಯ ದಿನ ಕುರ್ಚಿ ತಂದರು. ಇಷ್ಟು ವರ್ಷ ತಲೆಯೆತ್ತಿ ನೋಡಿದ ಮರ ಅದು; ನೆಲದ ಕೆಳಗೆ ಏನು ಮಾಡುತ್ತಿದೆ ಎಂದು ಯಾರೂ ಯೋಚಿಸಿರಲಿಲ್ಲ. ಒಂದು ಬೇರು ಬಾವಿಯ ಕಡೆ ಹೊರಟು, ಬಾವಿಯ ಕಟ್ಟೆ ಕಂಡು, ಮರ್ಯಾದಸ್ಥರ ಹಾಗೆ ಬದಿಗೆ ಸರಿದು ಹೋಗಿತ್ತು. ಇನ್ನೊಂದು, ಮಾದೇವನ ತಂದೆ ಹಿಂದೆ ಯಾವಾಗಲೋ ಕಳೆದುಕೊಂಡಿದ್ದ ಹಾರೆಯನ್ನು ಗಟ್ಟಿಯಾಗಿ ಸುತ್ತಿಕೊಂಡು ಮಲಗಿತ್ತು. ಆ ಹಾರೆಗಾಗಿ ಪುಟ್ಟುವಿನ ತಂದೆಗೂ ಮಾದೇವನ ತಂದೆಗೂ ಹನ್ನೊಂದು ವರ್ಷ ಮಾತು ಬಿಟ್ಟಿತ್ತು. ಪುಟ್ಟು ಹತ್ತಿರ ಬಂದು, ಬಗ್ಗಿ, ಬಹಳ ಹೊತ್ತು ನೋಡಿ, ತನ್ನ ಅಪ್ಪ ಬದುಕಿದ್ದರೆ ಈ ಬೇರಿಗೆ ಒಂದು ಮಾತು ಕೇಳುತ್ತಿದ್ದ ಎಂದ.

ಎಲ್ಲಕ್ಕಿಂತ ದಪ್ಪದ ಬೇರು ನೆಟ್ಟಗೆ ತುಳಸಿದಾಸನ ಕಂಪೌಂಡಿನ ಕೆಳಗೆ ನುಗ್ಗಿತ್ತು. ತುಳಸಿದಾಸ ಗೋಡೆಯ ಆಚೆಯಿಂದ ತಾನೇ ಬಾಲ್ದಿಯಲ್ಲಿ ನೀರು ಹೊಯ್ದು ಅದನ್ನು ಹುಡುಕಿದ. ಸಿಕ್ಕಿತು. ಅವನ ಮುಖದ ಸಿಟ್ಟು ಹೋಗಿ ಅಲ್ಲಿ ವ್ಯಾಪಾರ ಬಂತು.

"ಈ ಬೇರು ನೀರು ಕುಡಿಯೂದು ನನ್ನ ಜಾಗದಲ್ಲಿ," ಎಂದ ಅವನು. "ಹಾಗಾದ್ರೆ ಹಣ್ಣು ಯಾರದು?"

ಈ ಪ್ರಶ್ನೆ ಹಟ್ಟಿಕೇರಿಯಲ್ಲಿ ಮೊದಲು ಯಾರೂ ಕೇಳಿರಲಿಲ್ಲ. ಕೇಳಿದ ಮೇಲೆ ಯಾರಿಗೂ ಬಿಡಲಾಗಲಿಲ್ಲ. ಆಗ ಮರದ ತುಂಬ ಮಿಡಿ ನೇತಾಡುತ್ತಿತ್ತು. ತುಳಸಿದಾಸ ನೂರು ಹಣ್ಣು ಕೇಳಿದ. ಮಾದೇವ ಐವತ್ತಕ್ಕೆ ಒಪ್ಪಿದ. ಕೂಡಲೇ ಉಳಿದವರೂ ಬಂದರು. ನಿಮ್ಮ ಕಡೆ ಬೇರು ಕಂಡೇ ಇಲ್ಲವಲ್ಲ ಎಂದು ಮಾದೇವ ಹೇಳಿದರೆ, ಸರಕಾರ ಗೆರೆ ಹಾಕಿದ ಮೇಲೆ ಬೇರು ಇದ್ದೇ ಇರುತ್ತದೆ, ನೀನು ಸರಿಯಾಗಿ ಹುಡುಕಿಲ್ಲ ಎಂದರು. ಮಾದೇವನಿಗೆ ಬೈಗುಳ ತಡೆಯುವ ಶಕ್ತಿ ಉಂಟು, ಇಲ್ಲ ಎನ್ನುವ ಶಕ್ತಿ ಇಲ್ಲ. ಭಾನುವಾರದೊಳಗೆ ಏಳು ಮನೆಗೂ ಪಾಲು ನಿಶ್ಚಯವಾಯಿತು. ಗಂಗಿಗೆ ಅಡುಗೆಮನೆಯ ಲೆಕ್ಕದಲ್ಲಿ ಅರ್ಧ ಪಾಲು. ಅವಳು ಆವತ್ತು ಸಂಜೆಯೇ ಒರಳನ್ನು ಗೆರೆಯ ಒಳಗೆ ಉರುಳಿಸಿಕೊಂಡಳು. ಗೆರೆಯ ಹೊರಗಿದ್ದ ಎಂಟನೆಯ ಮನೆಯವರು ಬಂದು, ಗಾರ್ಡ್ ಹಗ್ಗ ಬಿಗಿಯಾಗಿ ಎಳೆದಿರಲಿಲ್ಲ ಎಂದು ತಕರಾರು ಎತ್ತಿದರು.

ಇಂಥ ಸ್ಥಿತಿಯಲ್ಲಿ ವೈಶಾಲಿ ಹೆಗಡೆ ಸ್ಕೂಟರಿನಿಂದ ಇಳಿದರು. ಫೈಲು ನೋಡಿದರು, ಮರ ನೋಡಿದರು, ಮತ್ತೆ ಫೈಲು ನೋಡಿದರು. ಮರದ ಸುತ್ತ ಒಂದು ಸುತ್ತು ಬಂದರು.

"ಮಾದೇವಣ್ಣ, ಈ ಕಾಗದದ ಪ್ರಕಾರ ಇದರ ಹೊಟ್ಟೆಯೊಳಗೆ ಒಂದು ರಿಕ್ಷಾ ನಿಲ್ಲಿಸಲಿಕ್ಕೆ ಬರ್ತದೆ. ಬಾಗಿಲು ಯಾವ ಬದಿಗುಂಟು?"

ಓದಿದ ಹೆಂಗಸರಿಗೆ ಮಾದೇವನ ಬಳಿ ಇದ್ದದ್ದು ಶಾಲೆಯ ಒಂದೇ ಸಂಬೋಧನೆ. "ಅಡ್ಡ ಅಳತೆ ನೋಡೂಕೆ ಮರ ಕಡೀಬೇಕಾಗ್ತದೆ, ಅಕ್ಕೋರೆ. ಉಳಿಸೂಕೆ ಹೇಳಿ ಕೊಟ್ಟ ಫಾರ್ಮು ಅದು. ಅದಕ್ಕೆ ಸುತ್ತು ಬರ್ದೆ."

ವೈಶಾಲಿ ಫೈಲು ಮುಚ್ಚಿದರು. ನಾಲ್ಕು ವರ್ಷದ ಕಾಲೇಜಿನಲ್ಲಿ ಈ ಆಕ್ಷೇಪಣೆಯನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆಮೇಲೆ ಮೆಟ್ಟಿಲ ಮೇಲೆ ಕುಳಿತು ವಿವರಿಸಿದರು. ದುಂಡಗಿರುವ ಯಾವುದರ ಸುತ್ತನ್ನೂ ಮೂರು ಮತ್ತು ಚೂರಿನಿಂದ ಭಾಗಿಸಿದರೆ ಕಡಿಯದೆಯೇ ವ್ಯಾಸ ಸಿಗುತ್ತದೆ. ಮರದ ನಿಜವಾದ ವ್ಯಾಸ ಒಂದು ಮೀಟರ್ ಇಪ್ಪತ್ತೊಂದು. ಹಾಗಾದರೆ ವೃತ್ತ ನಲವತ್ತೈದು ಮೀಟರಲ್ಲ, ಹದಿನಾಲ್ಕೂವರೆ. ಅದರ ಮೂರನೇ ಒಂದು ಪಾಲು ಐದು ಮೀಟರಿಗೆ ಸ್ವಲ್ಪ ಕಡಿಮೆ. ಕೋಣೆ ಶುರುವಾಗುವುದು ಐದು ಮೀಟರಿನ ಆಚೆಗೆ. ಸಣ್ಣ ವೃತ್ತದಲ್ಲಿ ಕೋಣೆ ಆಗುತ್ತದೆ. ದೊಡ್ಡದರಲ್ಲಿ ಯಾವ ದೇವರಿಂದಲೂ ಆಗುವುದಿಲ್ಲ. ತಪ್ಪಾಗಿದೆಯೆಂದು ಮಾದೇವ ಬರೆದುಕೊಡಬೇಕು, ವೃತ್ತದೊಳಗಿನ ಮನೆಯವರು ಪಂಚನಾಮೆಗೆ ಸಹಿ ಹಾಕಬೇಕು.

"ಅಷ್ಟೇಯಾ," ಎಂದ ಮಾದೇವ.

ಅಷ್ಟೇ ಅಲ್ಲ. ಒಂದು ಅಳತೆ ತಪ್ಪೆಂದಾದರೆ ಉಳಿದ ಕಾಲಮ್ಮುಗಳನ್ನೂ ಹೊಸದಾಗಿ ನೋಡುತ್ತಾರೆ, ವಯಸ್ಸು ಕೂಡ. ಅಲ್ಲಿಯವರೆಗೆ ಫಲಕ ಇಲಾಖೆಯ ಬಳಿ ಇರುತ್ತದೆ. ಜೊತೆಗೆ ವೈಶಾಲಿ ಫಲಕದ ಹತ್ತಿರ ಹೋಗಿ ನೋಡಿ, ಮರ ಉಳಿಸುವ ಬೋರ್ಡನ್ನು ಮರಕ್ಕೇ ಮೊಳೆ ಹೊಡೆದು ಹಾಕಿದವರು ಯಾರು ಎಂದು ಕೇಳಿದರು. ಮಾದೇವ ವಾಲ್ವು ನೋಡಿ ಬರುವುದುಂಟೆಂದು ಹೊರಟುಹೋದ. ಆಗ ಮಧ್ಯಾಹ್ನ ಹನ್ನೆರಡು ಗಂಟೆ.

ಮೂರು ದಿನ ಅವನು ಬರೆದುಕೊಡಲಿಲ್ಲ. ನಾಲ್ಕನೆಯ ದಿನ ಹಳ್ಳದ ದಂಡೆಯಲ್ಲಿ ಇಡೀ ಸಂಸಾರದ ಬಟ್ಟೆ ಒಗೆದು ಬಂದ ನಾಗಿ, ಕಿನ್ನರಕ್ಕೆ ಒಯ್ಯುವ ಚೀಲವನ್ನು ಜಗಲಿಯ ಮೇಲೆ ತಂದಿಟ್ಟು, ಅದಕ್ಕೆ ಒಂದು ಸೀರೆ ತುಂಬಿದಳು. ಮಾದೇವ ಪೆನ್ನು ಹುಡುಕಿದ.

ಪಂಚನಾಮೆಗೆ ಅಂಗಳದಲ್ಲಿ ಎಲ್ಲರೂ ಸೇರಿದರು. ಗಾರ್ಡ್ ಮಧುಕೇಶ್ವರ ಮೇಜು ಹಾಕಿಕೊಂಡು ಕುಳಿತರು. ಮಾದೇವ ಎದ್ದು ನಿಂತು, ವೃತ್ತ ದೊಡ್ಡದಾದದ್ದು ತನ್ನಿಂದ, ಮರ ಅಷ್ಟು ದೊಡ್ಡದಿಲ್ಲ ಎಂದ. ಸಭೆಗೆ ಇದು ಸರಿಬರಲಿಲ್ಲ. ಹಾಕಿದ ಗೆರೆ ಅಳಿಸಬಾರದೆಂದು ಪುಟ್ಟು ಹೇಳಿದ. ಒರಳು ಇನ್ನೊಮ್ಮೆ ಉರುಳಿಸುವ ತ್ರಾಣ ತನಗಿಲ್ಲವೆಂದು ಗಂಗಿ ತಿಳಿಸಿದಳು. ಹದಿನೈದು ದಿನದ ಹಿಂದೆ ಇದೇ ಗೆರೆಗಾಗಿ ಬೈದವರು ಇವರೇ ಎಂದು ನೆನಪಿಸಲು ಹೋದವನಿಗೆ, ಆಗ ತಮಗೆ ಮರದ ಮಹತ್ವ ತಿಳಿದಿರಲಿಲ್ಲ ಎಂಬ ಉತ್ತರ ಬಂತು. ಎಲ್ಲರಿಗಿಂತ ಇಕ್ಕಟ್ಟಿಗೆ ಸಿಕ್ಕಿದವನು ತುಳಸಿದಾಸ. ಗೆರೆ ಸಣ್ಣದಾದರೆ ಅವನ ಗುಂಡಿ ಹೊರಗೆ ಬರುತ್ತದೆ, ಸಂಡಾಸು ಆಗುತ್ತದೆ; ಆದರೆ ಐವತ್ತು ಇಶಾಡ ಹೋಗುತ್ತದೆ. ಅವನು ಒಮ್ಮೆ ಗುಂಡಿಯ ಕಡೆ, ಒಮ್ಮೆ ಮಿಡಿಯ ಕಡೆ ನೋಡುತ್ತ ಕುಳಿತ.

"ಹಣ್ಣಿನ ಮಾತು ಹಾಂಗೇ ಇರ್ಲಿ," ಎಂದ ಮಾದೇವ ಕೊನೆಗೆ. "ಗೆರೆ ಸಣ್ಣದಾದ್ರೂ ಪಾಲು ಅಷ್ಟೇ ಕೊಡ್ತೆ. ನನ್ನ ಮಗಳಿಗೊಂದು ಕೋಣೆ ಆಗ್ಲಿ."

ಏಳೂ ಸಹಿ ಬಿದ್ದವು. ಎಂಟನೆಯ ಮನೆಯವರೂ ಬಂದು ಸಹಿ ಹಾಕಿದರು. ಪಾಲು ಕೊಡುವ ಮಾತು ಬಂದದ್ದರಿಂದ ಅವರನ್ನು ತಡೆಯಲಾಗಲಿಲ್ಲ.

ಗಾರ್ಡ್ ಮುಂದಿನ ಕಾಲಮ್ಮಿಗೆ ಬಂದು ವಯಸ್ಸು ಕೇಳಿದರು. ಮುನ್ನೂರು ಎಂದು ಬರೆದದ್ದಕ್ಕೆ ಆಧಾರವೇನು? ಮಾದೇವ ಮರವನ್ನೇ ನೋಡಿದ. ಆಗ ಜಗಲಿಯ ತುದಿಯಲ್ಲಿ ಕುಳಿತು ಸಿಗಡಿ ಸುಲಿಯುತ್ತಿದ್ದ ಅವನ ಅವ್ವಿ, ಎಂದರೆ ತಾಯಿ, ಸುಬ್ಬಿ ತಲೆಯೆತ್ತದೆ ಹೇಳಿದಳು.

"ನಾ ಮದಿಯಾಗಿ ಬಂದ ವರ್ಷ ಅದು ಒಂದು ತೆಕ್ಕೆ ಇತ್ತು. ನನ್ನ ತೆಕ್ಕೆ. ಅತ್ತೆ ಬೈದಾಗೆಲ್ಲ ಅದನ್ನ ತಬ್ಕಂಡು ಅಳ್ತಿದ್ದೆ, ಕೈಗೆ ಕೈ ತಾಗ್ತಿತ್ತು. ಅರವತ್ತು ವರ್ಷ ಆಯ್ತು. ಈಗ ತಾಗೂದಿಲ್ಲ."

ಇಡೀ ಸಭೆಯಲ್ಲಿ ಅಳತೆಯೂ ದಿನಾಂಕವೂ ಎರಡೂ ಇದ್ದ ಹೇಳಿಕೆ ಅದೊಂದೇ. ವೈಶಾಲಿ ಕೂಡಿಸಿ ಕಳೆದು, ನೂರರ ಹತ್ತಿರ ಇರಬಹುದು ಎಂದರು. ನೂರು ದಾಟಿದೆಯೋ ಇಲ್ಲವೋ ಎಂದು ಆಣೆ ಮಾಡಿ ಹೇಳಲಾಗುವುದಿಲ್ಲ ಎಂದರು. ಗಾರ್ಡ್ ಅದನ್ನು ಬರೆದುಕೊಂಡರು. ಮಾದೇವ ತಾನೇ ಇಕ್ಕಳ ತಂದು ಮೊಳೆ ಕಿತ್ತು, ಫಲಕವನ್ನು ಲುಂಗಿಯ ತುದಿಯಿಂದ ಒಮ್ಮೆ ಒರೆಸಿ, ಅವರ ಕೈಗೆ ಕೊಟ್ಟ.

ಆಮೇಲೆ ಕೋಣೆ ಎದ್ದಿತು. ಅದು ಎದ್ದ ಬಗೆಯನ್ನು ಪ್ರಕಾಶ ಮೇಸ್ತ್ರಿ ಇನ್ನೂ ಯಾರಿಗೂ ಸರಿಯಾಗಿ ಹೇಳುವುದಿಲ್ಲ. ವೈಶಾಲಿಯವರ ನಕ್ಷೆಯಲ್ಲಿ ಗೋಡೆಯುದ್ದಕ್ಕೂ ಅಗೆಯುವ ಚರ ಇಲ್ಲ, ಚಿರೆಕಲ್ಲಿನ ಪಾಯ ಇಲ್ಲ. ಬರೀ ಆರು ಕಂಬ. ಕೈಯಿಂದ ತಿರುಗಿಸುವ ಬೈರಿಗೆಯಲ್ಲಿ ಆರು ತೂತು ಇಳಿಸಿ, ಹಸಿ ಸಿಮೆಂಟು ಬೇರನ್ನು ಸುಡದಂತೆ ತೂತಿನೊಳಗೆ ಪ್ಲಾಸ್ಟಿಕ್ ಪೈಪು ಹಾಕಿ, ಅದರೊಳಗೆ ಕಾಂಕ್ರೀಟು. ಕಂಬದ ತಲೆಯ ಮೇಲೆ ತೊಲೆ, ತೊಲೆಯ ಮೇಲೆ ನೆಲ, ನೆಲದ ಕೆಳಗೆ ಎರಡು ಫೂಟು ಗಾಳಿ. ಸಂಡಾಸಿನ ಪೈಪು ಕೂಡ ತೊಲೆಯ ಕೆಳಗೆ ನೇತಾಡಿಕೊಂಡೇ ಹಳೆಯ ಗುಂಡಿಗೆ ಹೋಗಬೇಕು.

ತೂತು ತೆಗೆಯುವ ದಿನ ಊರು ಮತ್ತೆ ಕುರ್ಚಿ ತಂದಿತು. ಬೇರು ಬರುತ್ತದೆಂದು ಅರ್ಧ ಜನ, ಬರುವುದಿಲ್ಲವೆಂದು ಅರ್ಧ ಜನ. ಮೊದಲ ತೂತಿಗೆ ಬರಲಿಲ್ಲ. ಎರಡನೆಯದಕ್ಕೆ ಬಂತು, ವೈಶಾಲಿ ಕಂಬವನ್ನು ಒಂದು ಗೇಣು ಎಡಕ್ಕೆ ಸರಿಸಿದರು. ಅಲ್ಲೂ ಬಂತು, ಇನ್ನೊಂದು ಗೇಣು ಹಿಂದಕ್ಕೆ. ಸರಿದ ಕಂಬಕ್ಕೆ ತೊಲೆ ಎಟುಕದೆ ನಡುವೆ ಏಳನೆಯ ಕಂಬ ಬಂತು. ನಾಲ್ಕು ಮೂಲೆಯೂ ಮಟ್ಟ ಇರುವ ಕೋಣೆ ಕಟ್ಟುವುದರಲ್ಲಿ ಹೆಸರು ಮಾಡಿದ್ದ ಪ್ರಕಾಶ, ಮಟ್ಟಕೋಲನ್ನು ಗೋಡೆಗೆ ಒರಗಿಸಿಟ್ಟು ಕುಳಿತುಬಿಟ್ಟ. ತನ್ನ ಹೆಸರನ್ನು ಈ ಕೋಣೆಯ ಸಂಬಂಧ ಎಲ್ಲೂ ಎತ್ತಬಾರದೆಂದು ಮಾದೇವನಿಂದ ಮಾತು ತೆಗೆದುಕೊಂಡ ಮೇಲೆ ಎದ್ದ. ಮೇ ಇಪ್ಪತ್ತಕ್ಕೆ ಬಣ್ಣ ಆಯಿತು. ಇಪ್ಪತ್ತೊಂದಕ್ಕೆ ನಾಗಿಯ ಕೋಳಿಗಳು ನೆಲದ ಕೆಳಗೆ ಸಂಸಾರ ಹೂಡಿದವು.

ಇಪ್ಪತ್ತೆರಡಕ್ಕೆ ಯಶೋದಾ ಬಂದರು. ಜೊತೆಗೆ, ಎಂಟು ತಿಂಗಳ ಹೊಟ್ಟೆ ಹೊತ್ತ ಜಯಶ್ರೀ. ಉಳಿಯುವುದೋ, ಅತ್ತೆಯ ಹಿಂದೆಯೇ ತಿರುಗಿ ಹೋಗುವುದೋ ಗೊತ್ತಿಲ್ಲದ್ದರಿಂದ ಅವಳ ಚೀಲ ರಿಕ್ಷಾದಲ್ಲೇ ಇತ್ತು. ಏಳು ಮನೆಯವರೂ, ಎಂಟನೆಯವರೂ, ಏನೋ ಕೆಲಸ ಇರುವವರಂತೆ ಸುತ್ತಮುತ್ತ ನಿಂತಿದ್ದರು.

ಬೀಗಿತ್ತಿ ಕೋಣೆಯನ್ನು ಹೊರಗಿನಿಂದ ನೋಡಿದರು. ಒಂದು ಮೂಲೆ ಒಂಚೂರು ಓರೆ. ಬಗ್ಗಿ ಕೆಳಗೆ ನೋಡಿದರು. ಕೆಂಪು ಬಟ್ಟೆ ಕಟ್ಟಿದ ಬೇರಿನ ಮೇಲೆ ಕುಳಿತ ಕೋಳಿ ಅವರನ್ನು ನೋಡಿತು. ಒಳಗೆ ಹೋಗಿ ನಲ್ಲಿ ತಿರುಗಿಸಿದರು. ನೀರಿನ ಹೊತ್ತಲ್ಲದ ಹೊತ್ತಿನಲ್ಲಿ ನೀರು ಧೋ ಎಂದು ಬಂತು. ಅದು ಹೇಗೆ ಬಂತೆಂದು ಪಂಚಾಯತಿಯವರು ಕೇಳದಿದ್ದರೆ ಸಾಕು. ಸಂಡಾಸಿಗೆ ತಲೆಯಾಡಿಸಿದರು. ನಾಗಿಗೆ ಜೀವ ಬಂತು. ಹೊರಗೆ ಬಂದವರು, ಕೋಣೆಗೆ ಕಾಲು ಯಾಕೆ ಎಂದು ಕೇಳಿದರು. ಮಾದೇವ ಬೇರಿನಿಂದ ಶುರುಮಾಡಿ ಪ್ಲಾಸ್ಟಿಕ್ ಪೈಪಿನವರೆಗೆ ಎಲ್ಲ ಹೇಳಿದ.

"ಇಷ್ಟೆಲ್ಲ ಒಂದು ಮರಕ್ಕಾ," ಎಂದರು ಯಶೋದಾ. "ಎಷ್ಟು ದಪ್ಪ ಅದೆ ನಿಮ್ಮ ಮರ?"

ಪೆಟ್ಟು ತಿಂದು ಕಲಿತವನು ಮಾದೇವ. ಈ ಸಲ ಒಂದಿಷ್ಟೂ ತಪ್ಪಲಿಲ್ಲ. "ಒಂದು ಮೀಟರ್ ಇಪ್ಪತ್ತೊಂದು," ಎಂದ.

"ಅಷ್ಟೇಯಾ?" ಬೀಗಿತ್ತಿಯ ಮುಖ ಇಳಿಯಿತು. "ನಮ್ಮ ಹಿತ್ತಲಿನ ಗೇರು ಮರ ಇದಕ್ಕಿಂತ ಜಾಸ್ತಿ ಅದೆ. ಅಷ್ಟು ಸಣ್ಣ ಮರಕ್ಕೆ ಕೋಣೆ ಓರೆ ಮಾಡಿದ್ರಾ?" ಇಂಥ ಬುದ್ಧಿಯವರ ಕೈಗೆ ಬಸುರಿಯನ್ನು ಕೊಡುವುದು ಹೇಗೆ ಎಂಬುದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ನಯವಾಗಿ ನಕ್ಕು, ರಿಕ್ಷಾದವನಿಗೆ ಸ್ವಲ್ಪ ನಿಲ್ಲುವಂತೆ ಸನ್ನೆ ಮಾಡಿದರು.

ಸಿಗಡಿಯ ಬುಟ್ಟಿ ಬದಿಗೆ ಸರಿಯಿತು. ಸುಬ್ಬಿ ಎದ್ದು ಬಂದು, ಮೊಮ್ಮಗಳ ಅತ್ತೆಯ ಕೈ ಹಿಡಿದು, ಮರದ ಬುಡಕ್ಕೆ ಕರೆದೊಯ್ದಳು. ತಾನು ಈ ಬದಿಯಿಂದ ತಬ್ಬಿಕೊಂಡಳು. ಯಶೋದಾ ಅತ್ತ ಇತ್ತ ನೋಡಿ, ಇಷ್ಟು ಜನರೆದುರು ಮುದುಕಿಯ ಮಾತು ಮುರಿಯಲಾರದೆ, ಆ ಬದಿಯಿಂದ ತಬ್ಬಿಕೊಂಡರು. ಒಂದು ಕಡೆ ಬೆರಳಿಗೆ ಬೆರಳು ತಾಗಿತು. ಇನ್ನೊಂದು ಕಡೆ ತಾಗಲಿಲ್ಲ. ಎಳೆದರೂ ತಾಗಲಿಲ್ಲ.

"ಜಯಾ, ಬಾ ಇಲ್ಲಿ," ಎಂದಳು ಸುಬ್ಬಿ.

ಜಯಶ್ರೀ ನಿಧಾನವಾಗಿ ಬಂದು ಆ ಸಂದಿನಲ್ಲಿ ನಿಂತು, ಒಂದು ಕೈಯಲ್ಲಿ ಅಜ್ಜಿಯ ಬೆರಳು, ಇನ್ನೊಂದರಲ್ಲಿ ಅತ್ತೆಯ ಬೆರಳು ಹಿಡಿದಳು. ಹೊಟ್ಟೆ ಮರಕ್ಕೆ ಒತ್ತಿತು.

"ಅಜ್ಜಿ, ಒದೀತದೆ," ಎಂದಳು ಜಯಶ್ರೀ.

"ಅಳತೆ ಸರಿ ಅದೆ ಹೇಳ್ತದೆ," ಎಂದಳು ಸುಬ್ಬಿ.

ಮರದ ಆ ಬದಿಯಿಂದ, ತೊಗಟೆಗೆ ಕೆನ್ನೆ ಒತ್ತಿಕೊಂಡಿದ್ದ, ಯಾರಿಗೂ ಕಾಣದ ಬೀಗಿತ್ತಿಯ ದನಿ ಬಂತು. "ದೊಡ್ಡದೇ ಅದೆ. ಆಯ್ತು, ಸೊಸೆ ಇಲ್ಲೇ ಇರ್ಲಿ. ಮೊದ್ಲು ಯಾರಾದ್ರೂ ಬಂದು ನನ್ನ ಬೆನ್ನಿನ ಇರುವೆ ತೆಗೀರಿ."

ನಾಗಿ ಇರುವೆ ತೆಗೆಯಲು ಓಡಿದಳು. ಮಾದೇವ ಚೀಲ ಇಳಿಸಲು ಓಡಿದ.

ಹಣ್ಣನ್ನು ಮಾತಿನಂತೆ ಎಂಟು ಮನೆಗೂ ಹಂಚಿ ಮಾದೇವನಿಗೆ ಉಳಿದದ್ದು ಹದಿಮೂರು. ಆದರೆ ಬಸುರಿಯ ಬಯಕೆಯೆಂದು ಎಂಟು ಮನೆಯವರೂ ಬುಟ್ಟಿ ತುಂಬಿಸಿ ತಂದುಕೊಟ್ಟು, ಕೊನೆಗೆ ಡಾಕ್ಟರು ಅವಳಿಗೆ ಮಾವಿನಹಣ್ಣು ಮುಟ್ಟಬಾರದೆಂದು ಚೀಟಿ ಬರೆಯಬೇಕಾಯಿತು. ಜೂನ್ ಇಪ್ಪತ್ತೇಳರ ಮಳೆಯಲ್ಲಿ ಹೆಣ್ಣು ಮಗು ಹುಟ್ಟಿತು. ಓರೆ ಮೂಲೆಯಲ್ಲಿ ತೊಟ್ಟಿಲು ಸರಿಯಾಗಿ ಹಿಡಿಸಿತು. ಅದನ್ನು ತಾನು ಮೊದಲೇ ಯೋಚಿಸಿ ಮಾಡಿದ್ದೆಂದು ಪ್ರಕಾಶ ಮೇಸ್ತ್ರಿ ಈಗೀಗ ಹೇಳುತ್ತಿದ್ದಾನೆ.

ಮಾದೇವ ಮರವನ್ನು ಪಟ್ಟಿಗೆ ಮತ್ತೆ ಸೇರಿಸಲು ಹೊಸ ಅರ್ಜಿ ಹಾಕಿದ್ದಾನೆ. ಸುತ್ತಳತೆ, ವ್ಯಾಸ ಎರಡನ್ನೂ ಬರೆದು, ಯಾವುದು ಯಾವುದೆಂದು ಬಾಣದ ಗುರುತು ಹಾಕಿದ್ದಾನೆ. ವಯಸ್ಸಿನ ಕಾಲಮ್ಮಿನಲ್ಲಿ ಈ ಸಲ ಯಾರ ಕಾಗದಕ್ಕೂ ಇಣುಕದೆ ತನಗೆ ಗೊತ್ತಿದ್ದಷ್ಟನ್ನೇ ಬರೆದ: "ಅರವತ್ತು ವರ್ಷದ ಹಿಂದೆ ಒಂದು ಅವ್ವಿ. ಈಗ ಒಂದು ಅವ್ವಿ, ಒಂದು ಬೀಗಿತ್ತಿ, ಮೇಲೊಂದು ಬಸುರಿ."

ಒಂದು ಅವ್ವಿ ಎಂದರೆ ಎಷ್ಟು ಸೆಂಟಿಮೀಟರು ಎಂದು ಕೇಳಿ ಕಾರವಾರದಿಂದ ಅರ್ಜಿ ವಾಪಸು ಬಂದಿದೆ. ಸುಬ್ಬಿಯನ್ನು ಅಳೆಯಲು ವೈಶಾಲಿ ಭಾನುವಾರ ಟೇಪು ತರುತ್ತಾರಂತೆ.